ಚರಂಡಿ ಕಾಪಾಡಿದ ಚಿತ್ರಗಳು

ರೋಮನ್ನರ ಹಳೆಯ ಊರು ಎಂದರೆ ಥಟ್ಟನೆ ನೆನಪಾಗುವುದು ಪಾಂಪೆ. ಅದೇ ವೆಸೂವಿಯಸ್ ಜ್ವಾಲಾಮುಖಿ ಕ್ರಿ.ಶ. 79ರಲ್ಲಿ ಹೂತುಹಾಕಿದ ಇನ್ನೊಂದು ಊರು ಹರ್ಕ್ಯುಲೇನಿಯಂ. ಅಲ್ಲಿನ ಒಂದು ಮನೆಯ ಕಥೆ ಓದಿದ ಮೇಲೆ, ಸಿವಿಲ್ ಎಂಜಿನಿಯರಿಂಗ್ ಓದುತ್ತಿರುವ ನನಗೆ ಚರಂಡಿಯ ಪಾಠದ ಬಗ್ಗೆ ಇದ್ದ ತಾತ್ಸಾರ ಹೋಯಿತು.

ಅದರ ಹೆಸರು ‘ದ್ವಿಶತಮಾನೋತ್ಸವದ ಮನೆ’. ಈ ಊರಿನ ಉತ್ಖನನ ಶುರುವಾದದ್ದು 1738ರಲ್ಲಿ. 200 ವರ್ಷ ತುಂಬಿದಾಗ, 1938ರಲ್ಲಿ, ಈ ಮನೆ ಬೆಳಕಿಗೆ ಬಂತು. ಮೊಸಾಯಿಕ್ ನೆಲ, ಗೋಡೆಗಳ ಮೇಲೆ ಪುರಾಣದ ಚಿತ್ರಗಳು, ಇದ್ದಿಲಾದರೂ ರೂಪ ಬಿಡದ ಮರದ ಜಾಲರಿ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಇಲ್ಲಿ ಸಿಕ್ಕ ಬರಹದ ಹಲಗೆಗಳು. ಪೆಟ್ರೋನಿಯಾ ಯುಸ್ತಾ ಎಂಬ ಯುವತಿ ಹುಟ್ಟಿನಿಂದ ಸ್ವತಂತ್ರಳೋ ಅಲ್ಲವೋ ಎಂಬ ದಾವೆಯ ಸಾಕ್ಷಿ ಹೇಳಿಕೆಗಳು ಅವುಗಳಲ್ಲಿವೆ. ಗುಲಾಮಳಾಗಿದ್ದ ತಾಯಿಗೆ ಬಿಡುಗಡೆ ಸಿಗುವ ಮೊದಲು ಹುಟ್ಟಿದಳೋ, ಆಮೇಲೋ? ಅಷ್ಟರ ಮೇಲೆ ಅವಳ ಇಡೀ ಬದುಕು ನಿಂತಿತ್ತು. ತೀರ್ಪು ಸಿಕ್ಕಿಲ್ಲ.

ಇಷ್ಟೆಲ್ಲ ಇಟ್ಟುಕೊಂಡು ಹದಿನೆಂಟು ಶತಮಾನ ನೆಲದೊಳಗೆ ಉಳಿದಿದ್ದ ಮನೆ, ಹೊರಬಂದ ಮೇಲೆ ಐವತ್ತು ವರ್ಷವೂ ತಾಳಲಿಲ್ಲ. 1983ರಲ್ಲಿ ಬಾಗಿಲು ಮುಚ್ಚಬೇಕಾಯಿತು. ತಪ್ಪನ್ನೆಲ್ಲ ಬಿಸಿಲು–ಮಳೆಯ ಮೇಲೆ ಹೊರಿಸುವಂತಿಲ್ಲ. ಚಿತ್ರಗಳು ಹೊಳೆಯಲಿ, ಬಾಳಿಕೆ ಬರಲಿ ಎಂದು ಹಿಂದಿನವರು ಮೇಣ ಬಳಿದಿದ್ದರು, ಒಳ್ಳೆಯ ಮನಸ್ಸಿನಿಂದಲೇ. ವರ್ಷಗಳು ಕಳೆದಂತೆ ಆ ಮೇಣದಿಂದಲೇ ಬಣ್ಣ ಹಕ್ಕಳೆಯಾಗಿ ಎದ್ದು ಉದುರತೊಡಗಿತು. ಮೇಲಾಗಿ, ಹಳೆಯ ಊರು ಇರುವುದು ಈಗಿನ ಎರ್ಕೊಲಾನೊ ಪಟ್ಟಣಕ್ಕಿಂತ ಸುಮಾರು 20 ಮೀಟರ್ ಕೆಳಗೆ, ಗುಂಡಿಯಲ್ಲಿ. ಮಳೆ ಬಂದರೆ ನೀರು ಹೋಗುವುದಾದರೂ ಎಲ್ಲಿಗೆ?

2001ರಲ್ಲಿ ಪ್ಯಾಕರ್ಡ್ ಹ್ಯುಮ್ಯಾನಿಟೀಸ್ ಇನ್‌ಸ್ಟಿಟ್ಯೂಟ್ ಮತ್ತು ಇಟಲಿಯ ಪುರಾತತ್ವ ಅಧಿಕಾರಿಗಳು ಕೈಜೋಡಿಸಿ ಇಡೀ ತಾಣದ ಸಂರಕ್ಷಣೆಗೆ ಇಳಿದರು. ಕುಂಚ ಹಿಡಿದು ಚಿತ್ರಗಳ ಮುಂದೆ ಕೂರುವ ಮೊದಲು ಸೋರುವ ಚಾವಣಿ ನೋಡಿಕೊಂಡರು. ರೋಮನ್ನರೇ ಕಟ್ಟಿದ್ದ ಚರಂಡಿಗಳ ಹೂಳು ತೆಗೆದು, ಮಳೆನೀರಿಗೆ ಮತ್ತೆ ದಾರಿ ಮಾಡಿದರು. ಎರಡು ಸಾವಿರ ವರ್ಷದ ಚರಂಡಿ ಮತ್ತೆ ಕೆಲಸಕ್ಕೆ ಬಂತು! ಸೆಲ್ಫಿಗೆ ಒದಗುವ ಕೆಲಸ ಅದಲ್ಲ, ನಿಜ.

ಮುಖ್ಯ ಕೋಣೆಯ ಚಿತ್ರಗಳ ಜವಾಬ್ದಾರಿಯನ್ನು 2011ರಲ್ಲಿ ಗೆಟ್ಟಿ ಸಂರಕ್ಷಣಾ ಸಂಸ್ಥೆಯ ತಜ್ಞರು ವಹಿಸಿಕೊಂಡರು. ಬಣ್ಣ ಏಕೆ ಏಳುತ್ತಿದೆ ಎಂಬುದನ್ನು ಮೊದಲು ತಿಳಿದುಕೊಂಡು, ಹಳೆಯ ಮೇಣವನ್ನು ತೆಗೆದು, ಉದುರುತ್ತಿದ್ದ ಬಣ್ಣವನ್ನು ಗೋಡೆಗೆ ಮತ್ತೆ ಅಂಟಿಸುವುದು. ಆತುರ ಪಟ್ಟರೆ ಮತ್ತೊಂದು ಮೇಣದ ಕಥೆಯಾದೀತು.

2019ರ ಅಕ್ಟೋಬರ್‌ನಲ್ಲಿ, 36 ವರ್ಷಗಳ ಬಳಿಕ, ಮನೆಯ ಬಾಗಿಲು ಜನರಿಗೆ ತೆರೆಯಿತು. ನಾನು ಹೋದರೆ ಚಿತ್ರ ನೋಡುವ ಮೊದಲು ಒಮ್ಮೆ ಚಾವಣಿ ನೋಡುತ್ತೇನೆ.