ನಿಂತಲ್ಲೇ ಇಳಿಯುವ ಟ್ರ್ಯಾಕ್ಟರ್ ಬ್ಯಾಟರಿ: ಹೊಸದು ತರುವ ಮುಂಚೆ ಮೂರು ಪರೀಕ್ಷೆ

ಮಿರಗದ ಮಳೆ ಬಿದ್ದು ಹದ ಬಂತೆಂದರೆ ಭಾಲ್ಕಿ, ಔರಾದ ಕಡೆ ಸೋಯಾ, ಹೆಸರು, ಉದ್ದಿನ ಬಿತ್ತನೆಗೆ ತಡ ಮಾಡುವಂತಿಲ್ಲ. ಬೇಸಿಗೆಯಲ್ಲಿ ವಾರಗಟ್ಟಲೆ ನಿಂತ ಟ್ರ್ಯಾಕ್ಟರ್ ಅದೇ ಹೊತ್ತಿಗೆ ಸೆಲ್ಫ್ ಎತ್ತುವುದಿಲ್ಲ. ಬಹಳ ಮಂದಿ ಸೀದಾ ಬೀದರ್‌ಗೆ ಹೋಗಿ ಹೊಸ ಬ್ಯಾಟರಿ ತರುತ್ತಾರೆ. ದೋಷ ವೈರಿಂಗ್‌ನಲ್ಲಿದ್ದರೆ ಅದೂ ಹಾಗೇ ಇಳಿಯುತ್ತದೆ. ಒಂದು ಸಾದಾ ಡಿಜಿಟಲ್ ಮಲ್ಟಿಮೀಟರ್ ಇದ್ದರೆ ಮನೆಯಲ್ಲೇ ಪತ್ತೆ ಹಚ್ಚಬಹುದು. ನಾನು ನೋಡುವ ಕ್ರಮ ಇದು; ಕಾರು, ಪಿಕಪ್‌ಗೂ ಇದೇ ಸಾಕು.

1. ಬ್ಯಾಟರಿ ಸರಿಯಿದೆಯೇ?
ಟರ್ಮಿನಲ್ ಮೇಲಿನ ಬಿಳಿ ಹುಡಿ ತೆಗೆದು, ಡಿಸ್ಟಿಲ್ಡ್ ವಾಟರ್ ಮಟ್ಟ ನೋಡಿ. ಪೂರ್ತಿ ಚಾರ್ಜ್ ಮಾಡಿ, ನೆಗೆಟಿವ್ ವೈರ್ ಬಿಚ್ಚಿ ರಾತ್ರಿಯಿಡೀ ಬಿಡಿ. ಬೆಳಗ್ಗೆ 12.6 ವೋಲ್ಟ್ ಆಸುಪಾಸು ಇದ್ದರೆ ಸರಿ. 12.4ಕ್ಕಿಂತ ಕೆಳಗೆ ಬಂದಿದ್ದರೆ ಬ್ಯಾಟರಿಯ ಮೇಲೇ ಅನುಮಾನ.

2. ಚಾರ್ಜ್ ಆಗುತ್ತಿದೆಯೇ?
ವೈರ್ ಕೂಡಿಸಿ ಎಂಜಿನ್ ಚಾಲೂ ಮಾಡಿ, ಸ್ವಲ್ಪ ರೇಸ್ ಕೊಡಿ. 13.8ರಿಂದ 14.5 ವೋಲ್ಟ್ ತೋರಿಸಬೇಕು. ಇಲ್ಲದಿದ್ದರೆ ಬೆಲ್ಟ್, ಆಲ್ಟರ್ನೇಟರ್ ನೋಡಿಸಿ. ಎಂಜಿನ್ ಓಡುವಾಗ ಟರ್ಮಿನಲ್ ಬಿಚ್ಚಿ ನೋಡುವ ರೂಢಿ ಬೇಡ, ಆಲ್ಟರ್ನೇಟರ್ ಸುಡಬಹುದು.

3. ಎಲ್ಲಿಯೋ ಸೋರುತ್ತಿದೆಯೇ?
ಎಂಜಿನ್, ಚಾವಿ, ಲೈಟು ಎಲ್ಲಾ ಬಂದ್ ಇರಲಿ. ನೆಗೆಟಿವ್ ವೈರ್ ಬಿಚ್ಚಿ. ಮೀಟರ್‌ನ ಕೆಂಪು ವೈರನ್ನು 10 ಆಂಪಿಯರ್ ತೂತಿಗೆ ಹಾಕಿ, ಡಿಸಿ ಆಂಪಿಯರ್‌ಗೆ ತಿರುಗಿಸಿ. ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಟರ್ಮಿನಲ್‌ಗೆ, ಇನ್ನೊಂದು ಬಿಚ್ಚಿದ ವೈರಿಗೆ ಹಿಡಿಯಿರಿ. ಈ ಹೊತ್ತಿನಲ್ಲಿ ಚಾವಿ ತಿರುಗಿಸಲೇಬೇಡಿ, ಮೀಟರ್ ಸುಡುತ್ತದೆ.

ಕಾರಿನಲ್ಲಿ ಅರ್ಧ ತಾಸು ಬಿಟ್ಟು ನೋಡಿದಾಗ 0.05 ಆಂಪಿಯರ್ ಒಳಗಿದ್ದರೆ ಚಿಂತೆಯಿಲ್ಲ. ಹಳೆಯ ಟ್ರ್ಯಾಕ್ಟರ್‌ನಲ್ಲಿ ಹೆಚ್ಚುಕಡಿಮೆ ಸೊನ್ನೆ ಇರಬೇಕು. ಅರ್ಧ ಆಂಪಿಯರ್ ಸೋರಿದರೂ ದಿನಕ್ಕೆ 12 ಆಂಪಿಯರ್-ಅವರ್ ಹೋಯಿತು. 75ರ ಬ್ಯಾಟರಿ ವಾರದೊಳಗೇ ಖಾಲಿ.

ಈಗ ಫ್ಯೂಸ್‌ಗಳನ್ನು ಒಂದೊಂದಾಗಿ ತೆಗೆಯಿರಿ. ಯಾವುದನ್ನು ತೆಗೆದಾಗ ಅಂಕಿ ಇಳಿಯುತ್ತದೋ ಆ ಲೈನಿನಲ್ಲೇ ದೋಷ. ಯಾವುದಕ್ಕೂ ಇಳಿಯದಿದ್ದರೆ ಬ್ಯಾಟರಿಗೆ ನೇರವಾಗಿ ಕೊಟ್ಟ ವೈರುಗಳನ್ನು ಹುಡುಕಿ. ಆಮೇಲೆ ಹಾಕಿಸಿದ ಟೇಪ್, ಹೆಚ್ಚುವರಿ ಲೈಟುಗಳೇ ಎಷ್ಟೋ ಸಲ ಕಳ್ಳ. ಅವನ್ನು ಫ್ಯೂಸ್ ಹಾಕಿ, ಚಾವಿ ಬಂದ್ ಮಾಡಿದರೆ ಬಂದ್ ಆಗುವಂತೆ ಜೋಡಿಸಿ. ಅಲ್ಲೂ ಸಿಗದಿದ್ದರೆ ಆಲ್ಟರ್ನೇಟರ್‌ನ ಡಯೋಡ್ ಹೋಗಿರಬಹುದು, ಎಲೆಕ್ಟ್ರಿಷಿಯನ್‌ಗೆ ತೋರಿಸಿ.

ಗಾಡಿ ಹದಿನೈದು ದಿನ ನಿಲ್ಲುವುದಿದ್ದರೆ ನೆಗೆಟಿವ್ ಬಿಚ್ಚಿಡಿ. ಬಿಚ್ಚುವಾಗ ನೆಗೆಟಿವ್ ಮೊದಲು, ಕೂಡಿಸುವಾಗ ಕೊನೆಗೆ. ಮಿರಗಕ್ಕೆ ಒಂದು ವಾರ ಮುಂಚೆಯೇ ಈ ಮೂರೂ ನೋಡಿಟ್ಟುಕೊಳ್ಳಿ.