ಅನ್ಯ ಪ್ರೋಸೆಸ್‌ನ ಮೆಮೊರಿ ಓದುವಿಕೆ

ಅನ್ಯ ಪ್ರೋಸೆಸ್‌ನ ಮೆಮೊರಿ ಓದುವಿಕೆ ಎಂದರೆ ಚಾಲನೆಯಲ್ಲಿರುವ ಒಂದು ಪ್ರೋಸೆಸ್‌ನ ಮೆಮೊರಿಯಲ್ಲಿರುವ ದತ್ತಾಂಶವನ್ನು ಕಾರ್ಯಾಚರಣಾ ವ್ಯವಸ್ಥೆಯ ಕರ್ನಲ್ ಓದಿ, ಬೇರೆಡೆಗೆ ನಕಲಿಸುವ ಕ್ರಿಯೆ. ಜಿಡಿಬಿಯಂತಹ ಡಿಬಗ್ಗರ್‌ಗಳು ಇದನ್ನೇ ಅವಲಂಬಿಸಿವೆ. ಲಿನಕ್ಸ್ ಕರ್ನಲ್‌ನಲ್ಲಿ ಬಳಕೆಯಲ್ಲಿರುವ ವಿಧಾನವನ್ನು ಇಲ್ಲಿ ವಿವರಿಸಲಾಗಿದೆ.

ಪ್ರತಿಯೊಂದು ಪ್ರೋಸೆಸ್‌ಗೂ ತನ್ನದೇ ಆದ ವರ್ಚುವಲ್ ವಿಳಾಸಗಳಿರುತ್ತವೆ. ಎರಡು ಪ್ರೋಸೆಸ್‌ಗಳಲ್ಲಿ ಒಂದೇ ವಿಳಾಸವು ಭೌತಿಕ ಮೆಮೊರಿಯ ಬೇರೆ ಬೇರೆ ಸ್ಥಳಗಳನ್ನು ಸೂಚಿಸಬಹುದು. ಅದನ್ನು ಆಯಾ ಪ್ರೋಸೆಸ್‌ನ ಪುಟ ಕೋಷ್ಟಕ ನಿರ್ಧರಿಸುತ್ತದೆ. ಕರ್ನಲ್ ಮಾಡ್ಯೂಲ್ ಬರೆಯಲು ಕಲಿಯುವವರು ಎಡವುವುದು ಇಲ್ಲಿಯೇ. ಕಾಪಿ_ಫ್ರಂ_ಯೂಸರ್ ಎಂಬ ಫಂಕ್ಷನ್‌ಗೆ ಅನ್ಯ ಪ್ರೋಸೆಸ್‌ನ ವಿಳಾಸ ಕೊಟ್ಟರೂ ಅದು ಆ ಕ್ಷಣದಲ್ಲಿ ಚಾಲ್ತಿಯಲ್ಲಿರುವ ಪ್ರೋಸೆಸ್‌ನ ಮೆಮೊರಿಯನ್ನೇ ಓದುತ್ತದೆ.

ಕಾರ್ಯವಿಧಾನ

ಈ ಕೆಲಸಕ್ಕೆಂದೇ ಇರುವ ಆಕ್ಸೆಸ್_ಪ್ರೋಸೆಸ್_ವಿಎಂ ಫಂಕ್ಷನ್ ಮೊದಲು ಗುರಿ ಪ್ರೋಸೆಸ್‌ನ ಮೆಮೊರಿ ವಿವರಣೆಯನ್ನು ಪಡೆದು ಅದರ ಬಳಕೆಯ ಎಣಿಕೆಯನ್ನು ಹೆಚ್ಚಿಸುತ್ತದೆ. ಹಾಗೆ ಮಾಡದಿದ್ದಲ್ಲಿ, ಓದುತ್ತಿರುವಾಗಲೇ ಆ ಪ್ರೋಸೆಸ್ ಮುಗಿದು ವಿವರಣೆಯೇ ಅಳಿದುಹೋಗಬಹುದು. ಬಳಿಕ ವಿವರಣೆಗೆ ಲಾಕ್ ಹಾಕಿ, ಪುಟ ಕೋಷ್ಟಕದ ಮೂಲಕ ಬೇಕಾದ ಪುಟವನ್ನು ಹುಡುಕುತ್ತದೆ. ಪುಟವು ಸ್ವಾಪ್ ಪ್ರದೇಶಕ್ಕೆ ಹೋಗಿದ್ದರೆ ಅದನ್ನು ಡಿಸ್ಕ್‌ನಿಂದ ಮರಳಿ ತರಲಾಗುತ್ತದೆ. ಅಷ್ಟು ಹೊತ್ತು ಕಾಯಬೇಕಾಗಬಹುದಾದ್ದರಿಂದ ಇಂಟರಪ್ಟ್ ಹ್ಯಾಂಡ್ಲರ್‌ನೊಳಗಿಂದ ಈ ಫಂಕ್ಷನ್ ಅನ್ನು ಕರೆಯುವಂತಿಲ್ಲ. ಎಕ್ಸ್86 ಯಂತ್ರಗಳಲ್ಲಿ ಪುಟದ ಗಾತ್ರ ಸಾಮಾನ್ಯವಾಗಿ 4096 ಬೈಟ್‌ಗಳು. ಅಕ್ಕಪಕ್ಕದ ವರ್ಚುವಲ್ ಪುಟಗಳು ಭೌತಿಕ ಮೆಮೊರಿಯಲ್ಲಿ ಎಲ್ಲೆಲ್ಲೋ ಚದುರಿರಬಹುದು. ಆದ್ದರಿಂದ ಪುಟದ ಗಡಿ ದಾಟಿದಾಗಲೆಲ್ಲ ಹುಡುಕಾಟ ಮತ್ತೆ ನಡೆಯುತ್ತದೆ.

ಸಾಮಾನ್ಯ ಪ್ರೋಗ್ರಾಂಗಳು ಪಿಟ್ರೇಸ್ ಸಿಸ್ಟಂ ಕರೆ ಅಥವಾ ಪ್ರೊಕ್ ಕಡತ ವ್ಯವಸ್ಥೆಯ ಮೆಮ್ ಕಡತದ ಮೂಲಕ ಈ ಸೌಲಭ್ಯವನ್ನು ಪಡೆಯುತ್ತವೆ. 2012ರ ಜನವರಿಯಲ್ಲಿ ಬಿಡುಗಡೆಯಾದ 3.2 ಆವೃತ್ತಿಯಲ್ಲಿ ಪ್ರೋಸೆಸ್_ವಿಎಂ_ರೀಡ್‌ವಿ ಎಂಬ ಪ್ರತ್ಯೇಕ ಕರೆಯೂ ಸೇರಿತು. ಅನುಮತಿಯ ಪರಿಶೀಲನೆ ಈ ಹಂತದಲ್ಲಿ ನಡೆಯುತ್ತದೆ. ಕರ್ನಲ್‌ನೊಳಗಿಂದ ನೇರವಾಗಿ ಕರೆಯುವ ಮಾಡ್ಯೂಲ್‌ಗೆ ಅಂತಹ ತಡೆಯಿಲ್ಲ.

ಡರ್ಟಿ ಕೌ ದೋಷ

ಓದುವ ಈ ಮಾರ್ಗವೇ ಬರೆಯಲೂ ಬಳಕೆಯಾಗುತ್ತದೆ. 2016ರ ಅಕ್ಟೋಬರ್‌ನಲ್ಲಿ ಬಹಿರಂಗಗೊಂಡ ಡರ್ಟಿ ಕೌ ಎಂಬ ದೋಷವು ಅದರ ಪುಟ ಹುಡುಕುವ ಭಾಗದಲ್ಲಿತ್ತು. ಓದಲು ಮಾತ್ರ ಅನುಮತಿಯಿರುವ ಪುಟಕ್ಕೆ ಬರೆಯುವಾಗ ಕರ್ನಲ್ ಮೊದಲು ಅದರ ಖಾಸಗಿ ಪ್ರತಿಯೊಂದನ್ನು ಮಾಡಿ, ಅನಂತರ ಮತ್ತೊಮ್ಮೆ ಹುಡುಕುತ್ತಿತ್ತು. ಈ ಎರಡು ಹೆಜ್ಜೆಗಳ ನಡುವಿನ ಅಲ್ಪ ಅವಧಿಯಲ್ಲಿ ಇನ್ನೊಂದು ಥ್ರೆಡ್ ಆ ಪ್ರತಿಯನ್ನು ಕೈಬಿಡುವಂತೆ ಮಾಡಿದರೆ, ಬರಹವು ಮೂಲ ಕಡತದ ಪುಟಕ್ಕೇ ಸೇರುತ್ತಿತ್ತು. ಹೀಗೆ ಯಾವುದೇ ವಿಶೇಷ ಅಧಿಕಾರವಿಲ್ಲದ ಬಳಕೆದಾರನೂ ರೂಟ್ ಅಧಿಕಾರವನ್ನು ಪಡೆಯಬಹುದಾಗಿತ್ತು. ಲಿನಸ್ ಟೊರ್ವಾಲ್ಡ್ಸ್ 11 ವರ್ಷಗಳ ಹಿಂದೆಯೇ ಇದನ್ನು ಸರಿಪಡಿಸಲು ಯತ್ನಿಸಿದ್ದರಾದರೂ, ಎಸ್390 ಯಂತ್ರಗಳಲ್ಲಿ ತೊಂದರೆಯಾದ ಕಾರಣ ಆ ತಿದ್ದುಪಡಿಯನ್ನು ಹಿಂತೆಗೆದುಕೊಳ್ಳಲಾಗಿತ್ತು. ಪ್ರತಿ ಮಾಡಿದ್ದಾಗಿದೆ ಎಂಬುದನ್ನು ನೆನಪಿಡುವ ಹೊಸ ಫ್ಲಾಗ್ ಒಂದನ್ನು ಸೇರಿಸಿ 2016ರಲ್ಲಿ ದೋಷವನ್ನು ಮುಚ್ಚಲಾಯಿತು.