ಅಂಕೋಲೆ: ಗೇಣಿ ಒಕ್ಕಲಿನ ಮಕ್ಕಳಿಗೊಂದು ಕಾಲೇಜು

ಕುಮಟೆಯಲ್ಲಿ ಪತ್ರಿಕೆಯ ಕೆಲಸ ಮುಗಿಸಿ ಕಾರವಾರಕ್ಕೆ ಹೊರಟಿದ್ದೆ. ಗಂಗಾವಳಿ ಸೇತುವೆ ದಾಟಿದ ಮೇಲೆ ಅಂಕೋಲೆಯಲ್ಲಿ ಇಳಿಯದೆ ಹೋಗಲು ಮನಸ್ಸಾಗಲಿಲ್ಲ. ಹೈಸ್ಕೂಲಿನಲ್ಲಿ ನನಗೆ ಕನ್ನಡ ಕಲಿಸಿದ ಮಾಸ್ತರರು ನಿವೃತ್ತರಾಗಿ ಈಗ ಇಲ್ಲೇ ಇದ್ದಾರೆ. ಜಗುಲಿಯಲ್ಲಿ ಕೂರಿಸಿ ಮುರುಗಲು ಪಾನಕ ಕೊಟ್ಟರು. ಲೋಟ ಕೆಳಗಿಡುವ ಮೊದಲೇ, "ಬಾ ತಮ್ಮ, ಬಿಸಿಲೇರುವುದರೊಳಗೆ ಕಾಲೇಜು ನೋಡಿ ಬರುವಾ" ಎಂದು ಎದ್ದರು.

ಉಪ್ಪಿನ ಸತ್ಯಾಗ್ರಹ, ಕರನಿರಾಕರಣೆಗಳಿಂದ 'ಕರ್ನಾಟಕದ ಬಾರ್ಡೋಲಿ' ಎನಿಸಿಕೊಂಡ ಊರಿದು. ಮಾವಿನ ಕಾಲದಲ್ಲಿ ಕರಿ ಇಷಾಡದ ಹೆಸರೂ ದೊಡ್ಡದು. ಮಾಸ್ತರರಿಗೆ ಮಾತ್ರ ಅಂಕೋಲೆಯೆಂದರೆ ಗೋಖಲೆ ಸೆಂಟಿನರಿ ಕಾಲೇಜು, ಅದನ್ನು ಕಟ್ಟಿದ ದಿನಕರ ದೇಸಾಯಿ.

ದೇಸಾಯಿಯವರನ್ನು ನಾಡು ಚುಟುಕದ ಕವಿಯೆಂದು ನೆನೆಯುತ್ತದೆ. ಅವರ ಬದುಕಿನ ಬಹುಪಾಲು ಕಳೆದದ್ದು ದುಡಿಯುವವರ ನಡುವೆ. 1909ರಲ್ಲಿ ಹುಟ್ಟಿದ ಅವರು ಗೋಖಲೆ ಸ್ಥಾಪಿಸಿದ ಭಾರತ ಸೇವಕ ಸಮಾಜ ಸೇರಿದರು. ಮುಂಬೈಯಲ್ಲಿ ಹಡಗಿನ ಕಾರ್ಮಿಕರನ್ನು, ಇಲ್ಲಿ ಗೇಣಿ ರೈತರನ್ನು ಸಂಘಟಿಸಿದರು. ರೈತಕೂಟದ ಚಳವಳಿಗೆ ಹೆದರಿದ ಬ್ರಿಟಿಷ್ ಸರ್ಕಾರ 1940ರಲ್ಲಿ ಅವರನ್ನು ಐದು ವರ್ಷ ಜಿಲ್ಲೆಯಿಂದಲೇ ಗಡಿಪಾರು ಮಾಡಿತು.

ರೈತರ ಹೋರಾಟಗಾರ ಶಾಲೆ ಕಟ್ಟಲು ಹೊರಟದ್ದೇಕೆ? ಗೇಣಿ ಚೀಟಿಯಲ್ಲಿ ಏನು ಬರೆದಿದೆಯೆಂದು ಓದಲಾರದವನಿಗೆ ಭೂಮಿ ಸಿಕ್ಕರೂ ಉಳಿಯುವುದಿಲ್ಲ ಎಂದರು ಮಾಸ್ತರರು. ನನಗೂ ಇದೇ ಸರಿಯಾದ ಉತ್ತರವೆನಿಸಿತು. 1953ರಲ್ಲಿ ದೇಸಾಯಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿದರು. ಜಿಲ್ಲೆಯಲ್ಲಿ ಒಂದೊಂದಾಗಿ ಶಾಲೆಗಳು ಎದ್ದವು. ಗೋಖಲೆ ಹುಟ್ಟಿ ನೂರು ವರ್ಷವಾದ 1966ರಲ್ಲಿ ಕಾಲೇಜು ಬಂತು, ಹೆಸರೂ ಅದೇ ನೆನಪಿನದು. ಮರುವರ್ಷ ಜನ ದೇಸಾಯಿಯವರನ್ನು ಲೋಕಸಭೆಗೆ ಕಳಿಸಿದರು.

ಅಂಗಳದಲ್ಲಿ ನಿಂತು ಮಾಸ್ತರರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅವರ ತಂದೆ ಗೇಣಿ ಒಕ್ಕಲು, ಕೊನೆಯವರೆಗೂ ಹೆಬ್ಬೆಟ್ಟು ಒತ್ತಿದವರು. ಆ ಮನೆಗೆ ಬಂದ ಮೊದಲ ಬಿ.ಎ. ಪದವಿ ಈ ಕಾಲೇಜಿನದು. ಇಂಥ ಮನೆಗಳು ಈ ಸೀಮೆಯಲ್ಲಿ ಎಷ್ಟೋ ಇವೆ. ದೇಸಾಯಿಯವರಿಗೆ ಇದಕ್ಕಿಂತ ದೊಡ್ಡ ಸ್ಮಾರಕ ಬೇಕಿಲ್ಲ.

ಗೋಕರ್ಣಕ್ಕೋ ಗೋವೆಗೋ ಹೋಗುವವರು ಅಂಕೋಲೆಯಲ್ಲಿ ಅರ್ಧ ಗಂಟೆ ಇಳಿಯಿರಿ. ಆ ಅಂಗಳದವರೆಗೆ ಒಮ್ಮೆ ಹೋಗಿಬನ್ನಿ.